ಯಜಮಾನನ ಮರಣಾನಂತರ ಮೂಕ ಜೀವಿಗಳ ಪಾಲನೆ: ಚರಿತ್ರೆ ಮತ್ತು ವಸಿಯ್ಯತ್

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಕುಸಿಯಿತು. ಟಿಪ್ಪು ಸುಲ್ತಾನರು ಹೋರಾಡುತ್ತಲೇ ಹುತಾತ್ಮರಾದರು. ಆ ಬಳಿಕ ಪಟ್ಟಣದ ಹೊಣೆ ವಹಿಸಿಕೊಂಡವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಅವನು ತನ್ನ ಮೇಲಧಿಕಾರಿ ಜನರಲ್ ಹ್ಯಾರಿಸ್‌ಗೆ ಬರೆದ ಪತ್ರಗಳಲ್ಲಿ ಲೂಟಿಯನ್ನು ತಡೆಯುವ ಮಾತುಗಳ ನಡುವೆ ಒಂದು ಸಣ್ಣ ಸಂಗತಿ ಸೇರಿಕೊಂಡಿದೆ. ಸುಲ್ತಾನರು ಸಾಕಿದ್ದ ಹುಲಿಗಳು ಅಲ್ಲಿದ್ದವು. ಅವುಗಳಿಗೆ ಹಾಕಲು ಆಹಾರವಿರಲಿಲ್ಲ, ನೋಡಿಕೊಳ್ಳುವವರೂ ಇರಲಿಲ್ಲ. ಹಸಿವಿನಿಂದ ಅವು ಕೆರಳತೊಡಗಿದ್ದವು. ನಿಜಾಮನ ಕಡೆಯ ಮೀರ್ ಆಲಂ ಅವುಗಳನ್ನು ತರಿಸಿಕೊಂಡರೆ ಒಳ್ಳೆಯದು, ಇಲ್ಲವಾದರೆ ಗುಂಡಿಕ್ಕಲು ಆಜ್ಞೆ ಮಾಡಬೇಕಾಗುತ್ತದೆ ಎಂದು ವೆಲ್ಲೆಸ್ಲಿ ಬರೆದನು.

ಸುಲ್ತಾನರ ಹುತಾತ್ಮತೆಯನ್ನು ನಾವು ಪ್ರತಿವರ್ಷವೂ ಸ್ಮರಿಸುತ್ತೇವೆ. ಆದರೆ ಈ ಹುಲಿಗಳ ಕುರಿತು ಮಾತನಾಡಿದವರು ವಿರಳ. ಹುಲಿಯೆಂಬುದು ಸುಲ್ತಾನರ ಲಾಂಛನವಾಗಿತ್ತು. ಅವರ ಸಿಂಹಾಸನದಲ್ಲಿ, ಸೈನಿಕರ ಉಡುಪಿನಲ್ಲಿ, ಫಿರಂಗಿಗಳ ಬಾಯಿಯಲ್ಲಿ ಅದರ ರೂಪವಿತ್ತು. ಅಷ್ಟು ಪ್ರೀತಿಸಿ ಸಾಕಿದ ಪ್ರಾಣಿಗಳಿಗೆ ಯಜಮಾನನು ಕಣ್ಣು ಮುಚ್ಚಿದ ಕೆಲವೇ ದಿನಗಳಲ್ಲಿ ಒಂದು ಹೊತ್ತಿನ ಮಾಂಸವೂ ಗತಿಯಿಲ್ಲದಾಯಿತು.

ಅದೇ ಸುಲ್ತಾನರ ಇನ್ನೊಂದು ಪ್ರಾಣಿಸಂಪತ್ತು ಮಾತ್ರ ಉಳಿಯಿತು. ಅದು ಅಮೃತಮಹಲ್ ಗೋಸಂಪತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಹೆಸರಿನಲ್ಲಿ ಒಂದು ಇಲಾಖೆ ಆರಂಭವಾಗಿತ್ತು. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದು ಅದರ ಕೆಲಸ. ಹೈದರಾಲಿಯವರ ಕಾಲದಲ್ಲಿ ಈ ಎತ್ತುಗಳು ಸೈನ್ಯದ ಭಾರವನ್ನು ಎಳೆದವು. ಟಿಪ್ಪು ಸುಲ್ತಾನರು ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟು, ಇಲಾಖೆಯ ಕ್ರಮವನ್ನು ಬರೆದ ನಿಯಮಗಳಿಂದ ಬಿಗಿಗೊಳಿಸಿದರು. ಈ ಹಿಂಡುಗಳಿಗೆಂದೇ ‘ಕಾವಲು’ಗಳೆಂಬ ಹುಲ್ಲುಗಾವಲುಗಳು ಮೀಸಲಾಗಿದ್ದವು. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಋತುವಿಗೆ ತಕ್ಕಂತೆ ಹಿಂಡುಗಳನ್ನು ಒಂದು ಕಾವಲಿನಿಂದ ಇನ್ನೊಂದಕ್ಕೆ ನಡೆಸಲಾಗುತ್ತಿತ್ತು. ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು, ತುಮಕೂರು ಸೀಮೆಯ ಜನರಿಗೆ ‘ಕಾವಲು’ ಎಂಬ ಪದ ಇಂದಿಗೂ ಊರ ಹೆಸರುಗಳಲ್ಲಿ ಪರಿಚಿತ.

ಸುಲ್ತಾನರು ಗತಿಸಿದಾಗ ಈ ಹಿಂಡುಗಳು ಕಂಪೆನಿಯ ವಶಕ್ಕೆ ಹೋದವು. ಮುಂದೆ ದಖ್ಖನಿನ ಯುದ್ಧಗಳಲ್ಲಿ ಅದೇ ವೆಲ್ಲೆಸ್ಲಿ ಈ ಎತ್ತುಗಳ ಶಕ್ತಿಯನ್ನು ಹೊಗಳಿದನು. ಮೈಸೂರು ಸರಕಾರದ ಪಾಲನೆಗೆ ಬಂದ ಬಳಿಕ ತಳಿ ಕ್ಷೀಣಿಸಿತೆಂದು 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬವನ ಕೈಗೆ ವಹಿಸಲಾಯಿತು. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಹಿಂಡುಗಳನ್ನು ಮಾರಲಾಯಿತು; ಆದ ತಪ್ಪು ಅರಿವಾಗಿ 1866ರಲ್ಲಿ ಮತ್ತೆ ಕಟ್ಟಲಾಯಿತು. ಅಜ್ಜಂಪುರದ ತಳಿ ಕೇಂದ್ರ ಇಂದಿಗೂ ಇದೆ. ಒಡೆಯರು ಬದಲಾದರು, ಧ್ವಜಗಳು ಬದಲಾದವು, ಹಸುಗಳು ಮೇಯುತ್ತಲೇ ಇದ್ದವು.

ಇದನ್ನು ಸುಲ್ತಾನರು ತಮ್ಮ ಮರಣವನ್ನು ಲೆಕ್ಕಿಸಿ ಮಾಡಿದ ಏರ್ಪಾಡೆಂದು ನಾವು ಹೇಳುತ್ತಿಲ್ಲ. ಸೈನ್ಯಕ್ಕೆ ಉಪಯುಕ್ತವಾದ ಎತ್ತಿಗೂ ಉಪಯೋಗವಿಲ್ಲದ ಹುಲಿಗೂ ವಿಜೇತರ ಕಣ್ಣಿನಲ್ಲಿ ಇದ್ದ ವ್ಯತ್ಯಾಸವೂ ನಮಗೆ ತಿಳಿದಿದೆ. ಆದರೂ ಒಂದು ಮಾತನ್ನು ಗಮನಿಸಬೇಕು. ಹುಲಿಗಳಿಗೆ ಸುಲ್ತಾನರಿದ್ದರು, ಅಷ್ಟೇ. ಹಸುಗಳಿಗೆ ಮೀಸಲಾದ ನೆಲವಿತ್ತು, ಹೆಸರು ಬರೆದಿಟ್ಟ ಪುಸ್ತಕವಿತ್ತು, ಹೊಣೆಯರಿತ ಕೈಗಳಿದ್ದವು. ಯಜಮಾನನ ಪ್ರೀತಿ ಅವನ ಉಸಿರಿನೊಂದಿಗೆ ನಿಲ್ಲುತ್ತದೆ. ಅವನು ಮಾಡಿಟ್ಟ ಏರ್ಪಾಡು ನಿಲ್ಲುವುದಿಲ್ಲ.

ಈಗ ಪುತ್ತೂರು, ಸುಳ್ಯ, ಕಡಬದ ನಮ್ಮ ಮನೆಗಳತ್ತ ಬರೋಣ. ಅಡಿಕೆ ತೋಟದ ಅಂಚಿನಲ್ಲಿ ಮನೆ, ಮನೆಯ ಹಿಂದೆ ಹಟ್ಟಿ, ಹಟ್ಟಿಯಲ್ಲಿ ಒಂದೆರಡು ದನ, ನಾಲ್ಕಾರು ಆಡು, ಅಂಗಳದ ತುಂಬ ಕೋಳಿ, ಅಡುಗೆಮನೆಯ ಬಾಗಿಲಲ್ಲಿ ಬೆಕ್ಕು. ಕೆಲವರ ತೋಟದಲ್ಲಿ ಜೇನುಪೆಟ್ಟಿಗೆಗಳು, ಒಂಟಿ ಮನೆಗಳಲ್ಲಿ ಕಾವಲಿಗೊಂದು ನಾಯಿ. ಮಕ್ಕಳೆಲ್ಲ ದುಬೈ, ದಮ್ಮಾಮ್, ಬೆಂಗಳೂರುಗಳಲ್ಲಿ. ಊರಿನಲ್ಲಿ ಉಳಿದವರು ವೃದ್ಧ ತಂದೆ ತಾಯಿ. ಅನೇಕ ಮನೆಗಳಲ್ಲಿ ಉಮ್ಮ ಒಬ್ಬರೇ. ಆ ಒಂಟಿತನದಲ್ಲಿ ಅವರ ಜೊತೆಗಿರುವುದು ಈ ಪ್ರಾಣಿಗಳೇ. ಫಜ್ರ್ ನಮಾಝಿನ ಬಳಿಕ ಅವರು ಮೊದಲು ಮಾತನಾಡಿಸುವುದು ದನವನ್ನು.

ಅವರು ಮರಣ ಹೊಂದಿದರೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಮಕ್ಕಳು ವಿಮಾನ ಹಿಡಿದು ಬರುತ್ತಾರೆ. ಖಬರಿನ ಬಳಿ ಪ್ರಾರ್ಥಿಸುತ್ತಾರೆ. ರಜೆ ಹತ್ತು ದಿನ. ಆ ಹತ್ತು ದಿನಗಳಲ್ಲಿ ಬ್ಯಾಂಕಿನ ಕೆಲಸ, ಆಸ್ತಿಯ ಮಾತು, ಬಂಧುಗಳ ಭೇಟಿ. ಹಟ್ಟಿಯ ವಿಷಯ ಬರುವುದು ಹೊರಡುವ ಹಿಂದಿನ ದಿನ. ದನವನ್ನು ಸಿಕ್ಕಿದವರಿಗೆ ಸಿಕ್ಕಿದ ಬೆಲೆಗೆ ಕೊಡುತ್ತಾರೆ. ಕೋಳಿಗಳು ನೆರೆಮನೆಗೆ ಹೋಗುತ್ತವೆ. ಬೆಕ್ಕನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಗಿಲಿಗೆ ಬೀಗ ಬೀಳುತ್ತದೆ. ಅದು ಒಳಗಿತ್ತೋ ಹೊರಗಿತ್ತೋ ನೋಡಿದವರಿಲ್ಲ.

ಬೀಗ ಎಂಬ ಈ ಮಾತು ನಮ್ಮನ್ನು ನೇರವಾಗಿ ಒಂದು ಹದೀಸಿನತ್ತ ಒಯ್ಯುತ್ತದೆ. ಬೆಕ್ಕನ್ನು ಕೂಡಿಹಾಕಿ ಸಾಯಿಸಿದ ಕಾರಣಕ್ಕೆ ಶಿಕ್ಷೆಗೆ ಒಳಗಾದ ಸ್ತ್ರೀಯ ವೃತ್ತಾಂತ ನಮ್ಮ ಮದ್ರಸದ ಪುಟ್ಟ ಮಕ್ಕಳಿಗೂ ಗೊತ್ತು. ಆದರೆ ಪ್ರವಾದಿ(ಸ)ರವರು ಆಕೆಯ ತಪ್ಪನ್ನು ಯಾವ ರೀತಿಯಲ್ಲಿ ವಿವರಿಸಿದರು ಎಂಬುದನ್ನು ನಾವು ನಿಧಾನವಾಗಿ ಯೋಚಿಸಬೇಕು. ಆಕೆ ಅದಕ್ಕೆ ತಿನ್ನಲು ಕೊಡಲಿಲ್ಲ. ನೆಲದ ಮೇಲಿನ ಕ್ರಿಮಿಕೀಟಗಳನ್ನು ತಾನೇ ಹುಡುಕಿ ತಿನ್ನಲು ಬಿಡಲೂ ಇಲ್ಲ. ಅಂದರೆ ದಾರಿಗಳು ಎರಡಿದ್ದವು, ಎರಡನ್ನೂ ಆಕೆ ಮುಚ್ಚಿದಳು. ಆಕೆ ಹೊಡೆದಳೆಂದಾಗಲಿ ಬಡಿದಳೆಂದಾಗಲಿ ಹದೀಸ್ ಹೇಳುವುದಿಲ್ಲ. ಕೂಡಿಹಾಕಿ ಮರೆತುಬಿಡುವುದೇ ಅಪರಾಧಕ್ಕೆ ಸಾಕಾಗಿತ್ತು.

ಅನ್ಸಾರಿಯೊಬ್ಬರ ತೋಟದಲ್ಲಿ ಪ್ರವಾದಿ(ಸ)ರವರನ್ನು ಕಂಡು ಕಣ್ಣೀರಿಟ್ಟ ಒಂಟೆಯ ಪ್ರಸಂಗ ಅಬೂದಾವೂದ್‌ರ ಸಂಗ್ರಹದಲ್ಲಿದೆ. ಆ ಒಂಟೆಯ ಒಡೆಯ ಯಾರೆಂದು ಪ್ರವಾದಿವರ್ಯರು(ಸ) ಮೊದಲು ವಿಚಾರಿಸಿದರು. ಬಳಿಕ ಆ ಯುವಕನಿಗೆ, ಅಲ್ಲಾಹನು ನಿನ್ನ ಒಡೆತನಕ್ಕೆ ಕೊಟ್ಟಿರುವ ಈ ಪ್ರಾಣಿಯ ವಿಷಯದಲ್ಲಿ ಅವನನ್ನು ಭಯಪಡಬೇಕೆಂಬ ಅರ್ಥದಲ್ಲಿ ಉಪದೇಶಿಸಿದರು. ಒಡೆತನವೆಂಬುದು ಇಲ್ಲಿ ಅಧಿಕಾರವಾಗಿ ಅಲ್ಲ, ವಿಚಾರಣೆಯ ವಿಷಯವಾಗಿ ಬಂದಿದೆ. ಹಾಗಿದ್ದರೆ ಒಡೆಯನು ಸತ್ತಾಗ ವಿಚಾರಣೆ ಯಾರ ಮೇಲೆ ಹೋಗುತ್ತದೆ? ಈ ಪ್ರಶ್ನೆಯನ್ನು ಫುಖಹಾಗಳು ತುಂಬ ಗಂಭೀರವಾಗಿ ಎತ್ತಿಕೊಂಡರು. ಅದಕ್ಕೆ ಹೋಗುವ ಮೊದಲು ಪ್ರವಾದಿ(ಸ)ರವರ ಸ್ವಂತ ಮನೆಯಲ್ಲಿ ಏನಾಯಿತೆಂದು ನೋಡೋಣ.

ಪ್ರವಾದಿವರ್ಯರು(ಸ) ವಫಾತಾದಾಗ ದೀನಾರ್ ದಿರ್ಹಮ್‌ಗಳನ್ನು ಬಿಟ್ಟುಹೋಗಲಿಲ್ಲ. ಬುಖಾರಿಯ ವರದಿಯ ಪ್ರಕಾರ ಉಳಿದದ್ದು ಅವರ ಬಿಳಿಯ ಹೇಸರಗತ್ತೆ, ಆಯುಧ ಮತ್ತು ಸದಕವಾಗಿ ಮಾಡಿಟ್ಟ ಒಂದಿಷ್ಟು ಭೂಮಿ. ಇಡೀ ಅರೇಬಿಯದ ನಾಯಕರು ಬಿಟ್ಟುಹೋದದ್ದರ ಪಟ್ಟಿಯಲ್ಲಿ ಒಂದು ಜೀವವಿರುವ ಪ್ರಾಣಿ ಸೇರಿದೆ ಎಂಬುದು ಓದುವಾಗಲೆಲ್ಲ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಈಜಿಪ್ಟಿನ ಮುಖೌಖಿಸ್ ಉಡುಗೊರೆಯಾಗಿ ಕಳುಹಿಸಿದ ದುಲ್‌ದುಲ್ ಎಂಬ ಹೇಸರಗತ್ತೆಯ ಮುಂದಿನ ಕಥೆಯನ್ನು ಇಬ್ನು ಸಅದ್‌ರ ‘ತಬಖಾತ್’ ಉಳಿಸಿದೆ. ಅದು ಮುಆವಿಯ(ರ)ರ ಕಾಲದವರೆಗೂ, ಅಂದರೆ ಪ್ರವಾದಿ(ಸ)ರವರ ಬಳಿಕ ಸುಮಾರು ಮೂರು ದಶಕಗಳ ಕಾಲ ಬದುಕಿತ್ತು. ಮುಪ್ಪಿನಿಂದ ಹಲ್ಲುಗಳು ಉದುರಿಹೋಗಿದ್ದವು. ಜವೆಗೋಧಿಯನ್ನು ಅಗಿಯಲಾರದ ಆ ಪ್ರಾಣಿಗೆ ಅದನ್ನು ಕುಟ್ಟಿ ನುಚ್ಚು ಮಾಡಿ ತಿನ್ನಿಸಲಾಗುತ್ತಿತ್ತು. ಯಂಬುವಿನಲ್ಲಿ ಅದು ಸತ್ತಿತು. ಖಿಲಾಫತ್ತಿನ ಆ ಮೂವತ್ತು ವರ್ಷಗಳಲ್ಲಿ ಎಷ್ಟು ಯುದ್ಧಗಳು, ಎಷ್ಟು ಫಿತ್ನಗಳು ನಡೆದವು! ಅವುಗಳೆಲ್ಲದರ ನಡುವೆ ಯಾರೋ ಒಬ್ಬರು ಪ್ರತಿದಿನವೂ ಕುಳಿತು ಜವೆ ಕುಟ್ಟುತ್ತಿದ್ದರು. ಅವರ ಹೆಸರನ್ನು ಚರಿತ್ರೆ ಬರೆದಿಡಲಿಲ್ಲ.

ಇನ್ನು ನಿಯಮದ ಮಾತು. ನಮ್ಮ ಸೀಮೆಯ ಮುಸ್ಲಿಮರಲ್ಲಿ ಬಹುತೇಕರು ಶಾಫಿಈ ಮದ್‌ಹಬಿನವರು. ನಮ್ಮ ದರ್ಸ್‌ಗಳಲ್ಲಿ ಓದುವ ‘ಫತ್‌ಹುಲ್ ಮುಈನ್’ ಹದಿನಾರನೆಯ ಶತಮಾನದಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಮರು ಬರೆದದ್ದು. ಅದರ ಬೇರು ಇಮಾಮ್ ನವವಿಯವರ ‘ಮಿನ್‌ಹಾಜ್’ ಮುಂತಾದ ಗ್ರಂಥಗಳಲ್ಲಿದೆ. ಶಾಫಿಈ ಗ್ರಂಥಗಳಲ್ಲಿ ಜೀವನಾಂಶದ ಅಧ್ಯಾಯವು ಪತ್ನಿ, ಮಕ್ಕಳು, ತಂದೆ ತಾಯಿಯರ ಬಳಿಕ ಪ್ರಾಣಿಗಳೊಂದಿಗೆ ಮುಗಿಯುತ್ತದೆ. ಮೇವು ಮತ್ತು ನೀರು ಕೊಡುವುದು ಒಡೆಯನ ಮೇಲೆ ಕಡ್ಡಾಯ. ಮೇಯಲು ಬಿಟ್ಟರೆ ಸಾಕಾಗುವುದಾದರೆ ಬಿಡಬಹುದು. ಒಡೆಯನು ನಿರಾಕರಿಸಿದರೆ ಮಾರಲು, ಮೇವು ಹಾಕಲು ಅಥವಾ ತಿನ್ನಲು ಧರ್ಮಸಮ್ಮತವಾದ ಪ್ರಾಣಿಯಾದರೆ ದಬ್‌ಹ್ ಮಾಡಲು ಖಾಝಿ ಅವನನ್ನು ಬಲವಂತಪಡಿಸಬೇಕು. ಕರುವಿಗೆ ಹಾನಿಯಾಗುವಷ್ಟು ಹಾಲು ಕರೆಯಬಾರದು. ಜೇನುಗೂಡಿನಿಂದ ತುಪ್ಪ ತೆಗೆಯುವಾಗ ನೊಣಗಳಿಗೆ ಬೇಕಾದಷ್ಟನ್ನು ಬಿಡಬೇಕು. ನಮ್ಮ ಜೇನು ಕೃಷಿಕರು ಈ ಕೊನೆಯ ನಿಯಮವನ್ನು ಕೇಳಿದರೆ ಕಿತಾಬ್ ಬರೆದವರು ಪೆಟ್ಟಿಗೆ ಇಟ್ಟವರೇ ಇರಬೇಕೆಂದು ನಗುತ್ತಾರೆ.

ಹಿಜರಿ ಏಳನೆಯ ಶತಮಾನದ ಇಝ್ಝುದ್ದೀನ್ ಇಬ್ನು ಅಬ್ದುಸ್ಸಲಾಮ್‌ರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಅವರು ಹೆಸರಿಸಿಯೇ ಬರೆದರು. ಪ್ರಾಣಿಯು ಮುಪ್ಪಿನಿಂದಲೋ ರೋಗದಿಂದಲೋ ಯಾವ ಉಪಯೋಗಕ್ಕೂ ಬಾರದಂತಾದರೂ ಅದರ ಖರ್ಚನ್ನು ಒಡೆಯನು ಭರಿಸಬೇಕೆಂಬುದು ಅವುಗಳಲ್ಲಿ ಮೊದಲನೆಯದು.

ಒಡೆಯನು ಮರಣ ಹೊಂದಿದ ಕ್ಷಣದಲ್ಲಿ ಪ್ರಾಣಿಯು ಅವನ ಉಳಿದ ಸೊತ್ತಿನಂತೆಯೇ ವಾರಸುದಾರರದಾಗುತ್ತದೆ. ಮೇವಿನ ಹೊಣೆಯೂ ಅದರೊಂದಿಗೇ ಹೋಗುತ್ತದೆ. ಆಸ್ತಿ ಪಾಲಾಗುವವರೆಗೆ ಕಾಯುವ ಅವಕಾಶ ಹಸಿದ ದನಕ್ಕಿಲ್ಲ. ತೋಟದ ಪಾಲಿಗಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟಿರುವುದನ್ನು ನಾವು ನೋಡಿದ್ದೇವೆ. ಹಟ್ಟಿಯ ಮುದಿ ದನದಲ್ಲಿ ತನಗೆ ಪಾಲಿದೆಯೆಂದು ವಾದಿಸಿದ ಒಬ್ಬನನ್ನೂ ನೋಡಿಲ್ಲ. ಆದರೂ ಶರೀಅತ್ತಿನ ಲೆಕ್ಕದಲ್ಲಿ ಪ್ರತಿಯೊಬ್ಬ ವಾರಸುದಾರನೂ ತನ್ನ ಪಾಲಿನಷ್ಟು ಆ ದನದ ಹಸಿವಿಗೆ ಉತ್ತರ ಹೇಳಬೇಕಾದವನು.

ಇಲ್ಲಿ ನಮ್ಮ ರಾಜ್ಯದ ಪರಿಸ್ಥಿತಿಯನ್ನೂ ಹೇಳಬೇಕು. ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ, 2020 ಜಾರಿಯಾದ ಬಳಿಕ ದನದ ವಿಷಯದಲ್ಲಿ ಮೇಲಿನ ಮೂರನೆಯ ಆಯ್ಕೆ ಇಲ್ಲ. ಸಾಗಾಟಕ್ಕೂ ಕಟ್ಟುನಿಟ್ಟಾದ ನಿಯಮಗಳಿವೆ. ನಮ್ಮ ಕರಾವಳಿಯ ವಾತಾವರಣದಲ್ಲಿ ದಾಖಲೆಯಿಲ್ಲದೆ ದನವನ್ನು ವಾಹನಕ್ಕೆ ಹತ್ತಿಸುವುದು ಎಷ್ಟು ಅಪಾಯಕಾರಿ ಎಂಬುದನ್ನು ವಿವರಿಸಬೇಕಾಗಿಲ್ಲ. ಊರಿಗೆ ಹತ್ತು ದಿನಕ್ಕೆ ಬಂದ ಮಗನು ಅವಸರದಲ್ಲಿ ಮಾಡಬಹುದಾದ ಕೆಲಸ ಇದಲ್ಲ. ತಂದೆಯೋ ತಾಯಿಯೋ ಜೀವಂತವಿದ್ದಾಗಲೇ ನಿಶ್ಚಯಿಸಬೇಕಾದದ್ದು.

ನಿಶ್ಚಯಿಸುವ ದಾರಿಯೇ ವಸಿಯ್ಯತ್. ‘ನನ್ನ ದನಕ್ಕೆ ಇಷ್ಟು ಹಣ’ ಎಂದು ವಸಿಯ್ಯತ್ ಮಾಡಿದರೆ ಶಾಫಿಈ ಮದ್‌ಹಬಿನಲ್ಲಿ ಅದು ಅಸಿಂಧು. ಪ್ರಾಣಿಗೆ ಒಡೆತನದ ಅರ್ಹತೆಯಿಲ್ಲ. ಅದು ಸ್ವೀಕರಿಸಲಾರದು, ಖರ್ಚು ಮಾಡಲಾರದು. ಆದರೆ ‘ಅದರ ಮೇವಿಗಾಗಿ ಖರ್ಚು ಮಾಡಬೇಕು’ ಎಂದು ಹೇಳಿದರೆ ಅದು ಸಿಂಧುವೆಂದು ಇಮಾಮ್ ನವವಿ ದಾಖಲಿಸಿದ್ದಾರೆ. ಒಂದೇ ಒಂದು ಪದದ ವ್ಯತ್ಯಾಸ. ಮೊದಲನೆಯದರಲ್ಲಿ ಪ್ರಾಣಿಯನ್ನು ಯಜಮಾನನನ್ನಾಗಿ ಮಾಡುವ ವ್ಯರ್ಥ ಪ್ರಯತ್ನವಿದೆ; ಎರಡನೆಯದರಲ್ಲಿ ಮನುಷ್ಯನೊಬ್ಬನ ಕೈಗೆ ಹೊಣೆ ಬರುತ್ತದೆ. ಆಧುನಿಕ ಕಾನೂನುಗಳು ಬಂದು ತಲುಪಿದ್ದೂ ಇದೇ ಸ್ಥಳಕ್ಕೆ. 2024ರ ಅಕ್ಟೋಬರ್ 9ರಂದು ರತನ್ ಟಾಟಾ ನಿಧನರಾದ ಬಳಿಕ ಅವರ ಉಯಿಲಿನಲ್ಲಿ ಟಿಟೊ ಎಂಬ ನಾಯಿಯ ಪಾಲನೆಗೆ ಏರ್ಪಾಡಿದೆಯೆಂದು ಪತ್ರಿಕೆಗಳು ಬರೆದವು, ಜನ ಬೆರಗಾದರು. ಅಲ್ಲಿಯೂ ನಾಯಿಯನ್ನು ನೋಡಿಕೊಳ್ಳುವ ಹೊಣೆ ಅವರ ಮನೆಯ ಅಡುಗೆಯವರಿಗೆ ಬಂದಿತ್ತು. ಏಳು ನೂರು ವರ್ಷಗಳ ಹಿಂದಿನ ಕಿತಾಬ್‌ಗಳು ತಿಳಿದಿದ್ದ ವಿಷಯಕ್ಕೆ ನಾವು ಬೆರಗಾಗಬೇಕಿರಲಿಲ್ಲ.

ನಾಯಿಯ ಮಾತು ಬಂದದ್ದರಿಂದ ಒಂದು ಸಂಶಯವನ್ನು ನಿವಾರಿಸೋಣ. ನಮ್ಮ ಮದ್‌ಹಬಿನಲ್ಲಿ ನಾಯಿ ನಜಸ್, ಅದರ ಮಾರಾಟ ಸಿಂಧುವಲ್ಲ. ಆದ್ದರಿಂದ ಅದರ ಕುರಿತು ವಸಿಯ್ಯತ್ ಏಕೆ ಎಂದು ಕೇಳುವವರಿದ್ದಾರೆ. ಬೇಟೆ, ಜಾನುವಾರು, ಕೃಷಿಯ ಕಾವಲಿಗಾಗಿ ಸಾಕುವ ನಾಯಿಗೆ ಹದೀಸಿನಲ್ಲಿಯೇ ಅನುಮತಿಯಿದೆ. ಅದು ಮಾರುವ ಸೊತ್ತಲ್ಲದಿದ್ದರೂ ಅದರ ಮೇಲೆ ಮಾಲಕನಿಗೆ ಒಂದು ವಿಶೇಷ ಹಕ್ಕಿದೆ, ಆ ಹಕ್ಕನ್ನು ವಸಿಯ್ಯತ್ ಮೂಲಕ ಬೇರೊಬ್ಬರಿಗೆ ಕೊಡಬಹುದೆಂದು ‘ಮಿನ್‌ಹಾಜ್’ ಸ್ಪಷ್ಟವಾಗಿ ಹೇಳುತ್ತದೆ. ತೋಟದ ನಾಯಿಯನ್ನು ಪಕ್ಕದ ತೋಟದವನಿಗೆ ಒಪ್ಪಿಸಿ ಹೋಗುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ವಕ್ಫ್‌ನ ವಿಷಯದಲ್ಲಿಯೂ ತರ್ಕ ಇದೇ. ಒಂದು ಪ್ರಾಣಿಯ ಹೆಸರಿಗೆ ನೇರವಾಗಿ ವಕ್ಫ್ ಆಗುವುದಿಲ್ಲ. ಯಾರ ಒಡೆತನದಲ್ಲೂ ಇಲ್ಲದ ಹಕ್ಕಿಗಳಿಗೂ ಆಗುವುದಿಲ್ಲ. ಆದರೆ ಇಮಾಮ್ ಗಝ್ಝಾಲಿಯವರು ಮಕ್ಕಾದ ಪಾರಿವಾಳಗಳನ್ನು ಇದರಿಂದ ಹೊರಗಿಟ್ಟರು. ಅವುಗಳಿಗಾಗಿ ಮಾಡಿದ ವಕ್ಫ್ ಸಿಂಧುವೆಂದರು. ಹರಮ್‌ನ ಅಂಗಳದಲ್ಲಿ ಕಾಳು ಚೆಲ್ಲಿ ಬಂದ ನಮ್ಮ ಹಾಜಿಗಳಿಗೆ ಇದು ಸಂತೋಷದ ವಾರ್ತೆಯಾಗಬಹುದು.

ಇಂಥ ಸೂಕ್ಷ್ಮ ಚರ್ಚೆಗಳು ಗ್ರಂಥದಲ್ಲಿಯೇ ಉಳಿಯಲಿಲ್ಲ. ದಮಸ್ಕಸ್ ನಗರದ ಹಸಿರು ಬಯಲೊಂದು ಮುದಿ ಕುದುರೆಗಳಿಗೂ ಅಶಕ್ತ ಪ್ರಾಣಿಗಳಿಗೂ ವಕ್ಫ್ ಆಗಿತ್ತೆಂದು ಸಿರಿಯದ ವಿದ್ವಾಂಸ ಮುಸ್ತಫಾ ಸಿಬಾಈ ದಾಖಲಿಸಿದ್ದಾರೆ. ದುಡಿಯಲಾರದವೆಂದು ಒಡೆಯರು ಕೈಬಿಟ್ಟ ಪ್ರಾಣಿಗಳು ಸಾಯುವವರೆಗೂ ಅಲ್ಲಿ ಮೇಯುತ್ತಿದ್ದವು. ಅವರು ಬರೆಯುವ ಕಾಲಕ್ಕೆ ಅಲ್ಲಿ ನಗರಸಭೆಯ ಕ್ರೀಡಾಂಗಣ ನಿಂತಿತ್ತು. ಬೆಕ್ಕುಗಳು ತಿಂದು ಮಲಗುವ ವಕ್ಫ್ ಸಹ ಆ ನಗರದಲ್ಲಿತ್ತು.

ಕೈರೋದ ಕಥೆ ಇನ್ನೂ ವಿವರವಾಗಿ ಸಿಗುತ್ತದೆ. ಮಮ್ಲೂಕ್ ಸುಲ್ತಾನ್ ಝಾಹಿರ್ ಬೈಬರ್ಸ್ 1260ರಿಂದ 1277ರವರೆಗೆ ಆಳಿದರು. ಮಂಗೋಲರನ್ನೂ ಕ್ರುಸೇಡರನ್ನೂ ಎದುರಿಸಿದ ಕಠಿಣ ಯೋಧ. ದಮಸ್ಕಸ್ ಜನರ ತೋಟಗಳ ಮೇಲೆ ಅವರು ಕೈಯಿಟ್ಟಾಗ ಇಮಾಮ್ ನವವಿಯವರು ನಿರ್ಭೀತರಾಗಿ ಪತ್ರ ಬರೆದು ಎಚ್ಚರಿಸಿದ್ದು ಪ್ರಸಿದ್ಧ. ಇಬ್ಬರೂ ಮರಣ ಹೊಂದಿದ್ದು ಹಿಜರಿ 676ರಲ್ಲಿಯೇ. ಜನರ ತೋಟದ ವಿಷಯದಲ್ಲಿ ಇಮಾಮರಿಂದ ಆಕ್ಷೇಪಕ್ಕೊಳಗಾದ ಅದೇ ಸುಲ್ತಾನರು ಕೈರೋದ ಉತ್ತರಕ್ಕೆ ತಮ್ಮ ಮಸೀದಿಯ ಬಳಿ ಒಂದು ತೋಟವನ್ನು ದಿಕ್ಕಿಲ್ಲದ ಬೆಕ್ಕುಗಳಿಗಾಗಿ ಬಿಟ್ಟುಹೋದರು. ಅದಕ್ಕೆ ಬೆಕ್ಕಿನ ತೋಟವೆಂದೇ ಹೆಸರಾಯಿತು. ಮನುಷ್ಯರ ಒಳಗು ಹೀಗೆಯೇ ಇರುತ್ತದೆ.

ಸುಮಾರು ಐದೂವರೆ ಶತಮಾನಗಳ ಬಳಿಕ ಆಂಗ್ಲ ವಿದ್ವಾಂಸ ಎಡ್ವರ್ಡ್ ಲೇನ್ ಕೈರೋದಲ್ಲಿ ವಾಸವಿದ್ದಾಗ ಈ ವಕ್ಫ್‌ನ ಸ್ಥಿತಿಯನ್ನು ವಿಚಾರಿಸಿ 1836ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದನು. ತೋಟವು ಮತ್ತೆ ಮತ್ತೆ ಮಾರಾಟವಾಗಿತ್ತು. ವಕ್ಫ್‌ಗೆ ಉಳಿದಿದ್ದ ಆದಾಯ ವರ್ಷಕ್ಕೆ ಬರೇ 15 ಪಿಯಾಸ್ಟರ್. ಅಷ್ಟರಲ್ಲಿ ಒಂದು ನಗರದ ಬೆಕ್ಕುಗಳು ಬದುಕಲಾರವು. ಆದರೆ ವಕ್ಫ್‌ಗಳ ರಕ್ಷಕನಾದ ಖಾಝಿಯ ಮೇಲೆ ಹೊಣೆ ಉಳಿದಿತ್ತು. ಆದ್ದರಿಂದ ಹೆಚ್ಚುಕಡಿಮೆ ಇಡೀ ಖರ್ಚು ಅವರದಾಯಿತು. ಪ್ರತಿದಿನ ಅಸರ್ ಹೊತ್ತಿಗೆ ಖಾಝಿಯ ನ್ಯಾಯಾಲಯದ ಮುಂದಿನ ಅಂಗಳಕ್ಕೆ ಮಾಂಸದ ತುಣುಕುಗಳನ್ನು ತಂದು ಹಾಕಲಾಗುತ್ತಿತ್ತು, ಬೆಕ್ಕುಗಳು ಬಂದು ಸೇರುತ್ತಿದ್ದವು.

ನಾವು ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತೇವೆ, ಅರ್ಧದಲ್ಲಿ ನಿಲ್ಲಿಸಿಬಿಡುತ್ತೇವೆ. ಸುಲ್ತಾನರು ತೋಟ ಕೊಟ್ಟರು ಎಂಬಲ್ಲಿಗೆ ಭಾಷಣ ಮುಗಿಯುತ್ತದೆ. ತೋಟವನ್ನು ನುಂಗಿದವರು ಯಾರು? ಅವರೂ ನಮ್ಮವರೇ. ದಮಸ್ಕಸ್‌ನ ಬಯಲು ಕ್ರೀಡಾಂಗಣವಾಯಿತು. ನಮ್ಮದೇ ರಾಜ್ಯದಲ್ಲಿ ಅಮೃತಮಹಲ್ ಕಾವಲುಗಳು ವರ್ಷದಿಂದ ವರ್ಷಕ್ಕೆ ಕುಗ್ಗಿದವು. ಚಳ್ಳಕೆರೆಯ ಬಳಿ ಸಾವಿರಾರು ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಮೀಸಲಿಟ್ಟ ನೆಲವೂ ಕಾಯುವ ಕೈಯಿಲ್ಲದೆ ಉಳಿಯುವುದಿಲ್ಲ. ಕೈರೋದಲ್ಲಿ ನೆಲ ಹೋದರೂ ಕೈಯೊಂದು ಉಳಿದಿತ್ತು, ಆದ್ದರಿಂದ ಬೆಕ್ಕುಗಳಿಗೆ ಅಸರ್‌ನ ಊಟ ತಪ್ಪಲಿಲ್ಲ.

ಹೀಗಾಗಿ ನಮ್ಮ ಊರುಗಳ ಸಾಮಾನ್ಯ ಕುಟುಂಬಕ್ಕೆ ಪ್ರಾಣಿಗಳ ಹೆಸರಿನಲ್ಲಿ ವಕ್ಫ್ ಮಾಡಿರೆಂದು ನಾವು ಸೂಚಿಸುವುದಿಲ್ಲ. 2025ರ ತಿದ್ದುಪಡಿಯ ಬಳಿಕ ಹೊಸ ವಕ್ಫ್‌ಗೆ ಲಿಖಿತ ಪತ್ರ ಕಡ್ಡಾಯವಾಗಿದೆ, ನೋಂದಣಿಯ ಕೆಲಸವೂ ಇದೆ. ಎರಡು ದನಗಳಿಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಡ. ವಸಿಯ್ಯತ್ ಸಾಕು. ಮುಸ್ಲಿಮರ ವಸಿಯ್ಯತ್ ಬಾಯಿಮಾತಿನದಾದರೂ ನಮ್ಮ ದೇಶದ ಕಾನೂನಿನಲ್ಲಿ ಮಾನ್ಯವಾಗುತ್ತದೆ. ಆದರೆ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದರೆ ಜಗಳಕ್ಕೆ ಎಡೆಯಿರುವುದಿಲ್ಲ. ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವುದು ಐಚ್ಛಿಕ.

ಮಿತಿಗಳು ತಿಳಿದಿರಬೇಕು. ಮಯ್ಯಿತ್ತಿನ ಸಂಸ್ಕಾರದ ಖರ್ಚು ಮತ್ತು ಸಾಲ ತೀರಿದ ಬಳಿಕ ಉಳಿದ ಸೊತ್ತಿನ ಮೂರನೆಯ ಒಂದಂಶದೊಳಗೆ ಎಲ್ಲ ವಸಿಯ್ಯತ್‌ಗಳೂ ಸೇರಬೇಕು. ಸಅದ್ ಇಬ್ನು ಅಬೀ ವಖ್ಖಾಸ್(ರ)ರವರು ಹೆಚ್ಚು ಕೊಡಲು ಬಯಸಿದಾಗ ಪ್ರವಾದಿ(ಸ)ರವರು ಇಷ್ಟಕ್ಕೇ ನಿಲ್ಲಿಸಿದರು, ಇದೂ ಹೆಚ್ಚೇ ಎಂದರು. ವಾರಸುದಾರರಲ್ಲಿ ಒಬ್ಬನಿಗೆ ಮಾಡಿದ ವಸಿಯ್ಯತ್ ಉಳಿದವರು ಒಪ್ಪದೆ ನಡೆಯುವುದಿಲ್ಲ. ಆದ್ದರಿಂದ ದನವನ್ನು ನೋಡಿಕೊಳ್ಳುವ ಮಗನಿಗೆಂದು ಹೆಚ್ಚು ಬರೆದಿಡುವ ಬದಲು, ವಾರಸುದಾರನಲ್ಲದ ನಂಬಿಕೆಯ ನೆರೆಯವನಿಗೆ ದನವನ್ನೂ ಅದರ ಮೇವಿನ ಮೊತ್ತವನ್ನೂ ಒಟ್ಟಿಗೆ ವಸಿಯ್ಯತ್ ಮಾಡುವುದು ಸುಲಭದ ದಾರಿ. ಹಟ್ಟಿಯ ಕೆಲಸಕ್ಕೆ ವರ್ಷಗಳಿಂದ ಬರುವವನು, ಹಾಲು ಸೊಸೈಟಿಗೆ ಜೊತೆಯಲ್ಲಿ ಹಾಲು ಕೊಂಡೊಯ್ಯುವವಳು, ಇಂಥವರು. ನೆರೆಯವನು ಹಿಂದೂವಾಗಿದ್ದರೂ ಕ್ರೈಸ್ತನಾಗಿದ್ದರೂ ವಸಿಯ್ಯತ್‌ಗೆ ಅದು ಅಡ್ಡಿಯಲ್ಲ. ನಮ್ಮ ಊರುಗಳಲ್ಲಿ ದನದ ಗುಣ ಬಲ್ಲವರು ಅನೇಕ ವೇಳೆ ಅವರೇ.

ಹಣವೇ ಬೇಕೆಂದಿಲ್ಲ. ಇನ್ನೂ ಬಿಡದ ಫಲವನ್ನು ವಸಿಯ್ಯತ್ ಮಾಡಬಹುದೆಂಬುದು ಶಾಫಿಈ ಮದ್‌ಹಬಿನ ಪ್ರಬಲ ಅಭಿಪ್ರಾಯ. ಅಂದರೆ ಮರಗಳು ಮಕ್ಕಳಿಗೆ ಉಳಿಯುತ್ತವೆ, ಇಂತಿಷ್ಟು ವರ್ಷಗಳ ಕೊಯ್ಲು ಮಾತ್ರ ಮೇವಿಗೆ ಹೋಗುತ್ತದೆ. ಅಡಿಕೆಯ ನಾಡಿನವರಾದ ನಮಗೆ ಇದಕ್ಕಿಂತ ಅನುಕೂಲವಾದ ನಿಯಮ ಬೇರೆ ಯಾವುದು? ಹಟ್ಟಿಯ ಹಿಂದಿನ ಒಂದು ಸಾಲು ಮರಗಳು, ದನಕ್ಕೆ ಇನ್ನೆಷ್ಟು ವರ್ಷ ಆಯುಸ್ಸಿದೆಯೆಂದು ಪಶುವೈದ್ಯರನ್ನು ಕೇಳಿ ಅಷ್ಟು ವರ್ಷದ ಫಸಲು. ಹಿಂಡಿಗೂ ಬೈಹುಲ್ಲಿಗೂ ಅದು ಸಾಲುತ್ತದೆಯೇ ಎಂದು ಲೆಕ್ಕ ಹಾಕಿದರಾಯಿತು. ಅದರ ಬೆಲೆಯನ್ನು ಮೂರನೆಯ ಒಂದಂಶದ ಲೆಕ್ಕಕ್ಕೆ ಸೇರಿಸುವ ಕ್ರಮವನ್ನು ನಿಮ್ಮ ಮಹಲ್ಲಿನ ಉಸ್ತಾದರಿಂದ ಕೇಳಿಕೊಳ್ಳಿರಿ.

ಪಂಜರದ ಗಿಳಿ ಸಾಕುವವರಿಗೆ ಒಂದು ಮಾತು. ನಮ್ಮ ನಾಡಿನ ಗಿಳಿಗಳನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದನ್ನು ವಸಿಯ್ಯತ್‌ನಲ್ಲಿ ಬರೆಯುವ ಪ್ರಶ್ನೆಯೇ ಬರುವುದಿಲ್ಲ. ವಿದೇಶದ ಗಿಳಿಗಳಲ್ಲಿ ಕೆಲವು ಮನುಷ್ಯರಷ್ಟೇ ಕಾಲ ಬದುಕುತ್ತವೆ. ಅರುವತ್ತರ ವಯಸ್ಸಿನಲ್ಲಿ ಅಂಥ ಮರಿಯನ್ನು ತರುವವರು ತಂದ ದಿನವೇ ಮುಂದಿನ ಒಡೆಯನನ್ನೂ ಗೊತ್ತುಮಾಡಬೇಕು.

ಬೆಕ್ಕಿಗೆ ಇಷ್ಟೆಲ್ಲ ಬೇಕಾಗಿಲ್ಲ. ಅದಕ್ಕೆ ಮೀನಿನ ತಲೆಯನ್ನು ಎಸೆಯುವ ಒಂದು ಮನೆ ಬೇಕು, ಬೀಗ ಹಾಕುವ ಮುನ್ನ ಒಳಗೆ ಹುಡುಕುವ ಒಬ್ಬರು ಬೇಕು. ಆ ಹೆಸರನ್ನೂ ಕಾಗದದಲ್ಲಿ ಬರೆಯಿರಿ. ಬರೆಯುವ ಮೊದಲು ಅವರನ್ನು ಕೇಳಿರಿ. ನಿಶ್ಚಿತ ವ್ಯಕ್ತಿಗೆ ಮಾಡಿದ ವಸಿಯ್ಯತ್ ಅವರು ಸ್ವೀಕರಿಸಿದರೆ ಮಾತ್ರ ನೆಲೆಗೊಳ್ಳುತ್ತದೆ, ಸ್ವೀಕರಿಸುವುದೋ ಬಿಡುವುದೋ ಎಂದು ಅವರು ಹೇಳುವ ಹೊತ್ತಿಗೆ ಕೇಳಲು ನೀವಿರುವುದಿಲ್ಲ. ಕಾಗದದ ಒಂದು ಪ್ರತಿ ಅವರಲ್ಲಿರಲಿ, ಇನ್ನೊಂದು ಮಸೀದಿಯ ಖತೀಬರಲ್ಲಿರಲಿ, ಮೂರನೆಯದನ್ನು ದುಬೈಯಲ್ಲಿರುವ ಮಗನಿಗೆ ಇಂದೇ ಮೊಬೈಲಿನಲ್ಲಿ ಕಳುಹಿಸಿರಿ.